ಕ್ಲಾಸ್ಟ್ರಿಡಿಯಂ ಅಸಿಟೋಬ್ಯುಟಿಲಿಕಂ: ಕೋಶಗಳು ಸಾಯುತ್ತಿವೆ, ಮ್ಯುಟೆಂಟ್ ಮಾತ್ರ ಸಿಗುತ್ತಿಲ್ಲ

ಮೊಳಕೆ37

ಎಲ್ಲರಿಗೂ ನಮಸ್ಕಾರ. ನಾನು ಬಳಸುತ್ತಿರುವುದು ಕ್ಲಾಸ್ಟ್ರಿಡಿಯಂ ಅಸಿಟೋಬ್ಯುಟಿಲಿಕಂ, ಅಂದರೆ ಆಮ್ಲಜನಕ ತಾಳದ, ಅಸಿಟೋನ್ ಮತ್ತು ಬ್ಯುಟನಾಲ್ ಮಾಡುವ ಬ್ಯಾಕ್ಟೀರಿಯಾ. ತಳಿ ಎಟಿಸಿಸಿ 824. ಆಲ್ಕೋಹಾಲ್ ಮಾಡುವ ಎನ್‌ಜೈಮ್ ಆದ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಕೆಟ್ಟಿರುವ ಮ್ಯುಟೆಂಟ್‌ಗಳು, ಅಂದರೆ ಜೀನ್ ಬದಲಾದ ಕೋಶಗಳು, ಬೇಕು. ಅದಕ್ಕೂ ಮೊದಲು, ಮ್ಯುಟೇಶನ್ ನಿಜಕ್ಕೂ ಆಗುತ್ತಿದೆಯೇ ಎಂದು ತಿಳಿಯಲು ಕೋಶಕ್ಕೆ ವಿಷವಾಗುವ 5-ಫ್ಲೋರೋಯುರಾಸಿಲ್ ಇರುವ ಪ್ಲೇಟಿನ ಮೇಲೆ, ಅದನ್ನು ತಡೆದು ಬೆಳೆಯುವ ಮ್ಯುಟೆಂಟ್‌ಗಳನ್ನು ಎಣಿಸುವ ಯೋಜನೆ. ಆಮ್ಲಜನಕರಹಿತ ಚೇಂಬರ್‌ನ ಒಳಗೇ ಪೆಟ್ರಿ ತಟ್ಟೆ ತೆರೆದಿಟ್ಟು 254 ನ್ಯಾನೋಮೀಟರ್ ಯುವಿ ಕೊಟ್ಟಾಗ ಸಾವಿರಕ್ಕೆ ಒಂದು ಕೋಶ ಮಾತ್ರ ಉಳಿಯುತ್ತದೆ. ಆದರೂ ಉಳಿದವುಗಳಲ್ಲಿ 5-ಫ್ಲೋರೋಯುರಾಸಿಲ್ ತಡೆಯುವವುಗಳ ಪ್ರಮಾಣ ಯುವಿ ಕೊಡದ ಕಲ್ಚರ್‌ನಷ್ಟೇ ಇದೆ.

ಮೂರು ಪ್ರಶ್ನೆ. ಯುವಿ ಯಾಕೆ ಕೆಲಸ ಮಾಡುತ್ತಿಲ್ಲ? ಇಎಂಎಸ್‌ಗೆ, ಅಂದರೆ ಈಥೈಲ್ ಮೀಥೇನ್‌ಸಲ್ಫೋನೇಟ್ ಎಂಬ ಮ್ಯುಟೇಶನ್ ತರುವ ರಾಸಾಯನಿಕಕ್ಕೆ, ಹೋಗುವುದಾದರೆ ಅದನ್ನು ಚೇಂಬರ್ ಒಳಗೆ ಬಳಸಬೇಕೋ ಹೊರಗೋ? ಎಷ್ಟು ಶೇಕಡಾ ಸಾವು ಗುರಿ ಇಟ್ಟುಕೊಳ್ಳಬೇಕು?

ಸಾರಜನಕ

ಮೊದಲ ಪ್ರಶ್ನೆಗೆ ಉತ್ತರ: ಈ ಜೀವಿಗೆ ಯುವಿ ಒಳ್ಳೆಯ ವಿಷ, ಕೆಟ್ಟ ಮ್ಯುಟಜನ್ (ಮ್ಯುಟೇಶನ್ ತರುವಂಥದ್ದು).

ಯುವಿ ತಾನಾಗಿ ಡಿಎನ್‌ಎಯ ಅಕ್ಷರ ಬದಲಿಸುವುದಿಲ್ಲ. ಅದು ಪಕ್ಕಪಕ್ಕದ ಪಿರಿಮಿಡೀನ್‌ಗಳನ್ನು (ಸಿ, ಟಿ ಅಕ್ಷರಗಳನ್ನು) ಬೆಸೆದುಬಿಡುತ್ತದೆ. ಆ ಗಾಯದ ಮೇಲೆ ಹೇಗೋ ದಾಟಿಕೊಂಡು ಹೋಗುವ, ತಪ್ಪು ಮಾಡುವ ರಿಪೇರಿ ವ್ಯವಸ್ಥೆ ಕೋಶದಲ್ಲಿ ಚುರುಕಾಗಿದ್ದರೆ ಮಾತ್ರ ಗಾಯ ಮ್ಯುಟೇಶನ್ ಆಗಿ ಉಳಿಯುತ್ತದೆ. ಇ. ಕೋಲೈನಲ್ಲಿ ಅದು ಚುರುಕು. ಅಸಿಟೋಬ್ಯುಟಿಲಿಕಂನಲ್ಲಿ ತೀರಾ ಮಂದ. ಹಾಗಾಗಿ ಗಾಯ ಸರಿಯಾಗಿ ವಾಸಿಯಾದ ಕೋಶ ಮೊದಲಿನಂತೆಯೇ ಬದುಕುತ್ತದೆ, ವಾಸಿಯಾಗದ್ದು ಸಾಯುತ್ತದೆ. ನಡುವೆ ಬದಲಾಗಿ ಬದುಕಿದ್ದು ಅಪರೂಪ. ದೀಪದ ಕೆಳಗೆ ಇನ್ನಷ್ಟು ಹೊತ್ತು ಇಟ್ಟರೆ ಹೆಚ್ಚುವುದು ಸಾವು ಮಾತ್ರ.

ಇಎಂಎಸ್ ದಾರಿ ಬೇರೆ. ಅದು ಗ್ವಾನೀನ್‌ನ ಆರನೇ ಸ್ಥಾನದ ಆಮ್ಲಜನಕಕ್ಕೆ ಈಥೈಲ್ ಗುಂಪು ಅಂಟಿಸುತ್ತದೆ. ಕೋಶ ಡಿಎನ್‌ಎಯ ಪ್ರತಿ (ನಕಲು) ತೆಗೆಯುವಾಗ ಹೀಗೆ ಕೆಟ್ಟ ಗ್ವಾನೀನ್ ಎದುರು ಸೈಟೋಸಿನ್ ಬದಲು ಥೈಮೀನ್ ಕೂರುತ್ತದೆ. ರಿಪೇರಿ ವ್ಯವಸ್ಥೆಯ ತಪ್ಪಿಗಾಗಿ ಕಾಯಬೇಕಿಲ್ಲ, ಪ್ರತಿ ತೆಗೆದರೆ ಸಾಕು. ಅದಕ್ಕೇ ಕ್ಲಾಸ್ಟ್ರಿಡಿಯಂನಲ್ಲಿ ಇಎಂಎಸ್ ಮತ್ತು ಅಂಥದೇ ಇನ್ನೊಂದು ರಾಸಾಯನಿಕ ನೈಟ್ರೋಸೊಗ್ವಾನಿಡೀನ್ ಎರಡೂ ಕೆಲಸ ಮಾಡುತ್ತವೆ.

ಒಂದು ಮಿತಿ ನೆನಪಿರಲಿ. ಇಎಂಎಸ್ ಬಹುತೇಕ ಜಿಸಿ (ಗ್ವಾನೀನ್-ಸೈಟೋಸಿನ್) ಜೋಡಿಯನ್ನು ಎಟಿ (ಅಡೆನೀನ್-ಥೈಮೀನ್) ಮಾಡುತ್ತದೆ. ಈ ಜೀನೋಮ್‌ನಲ್ಲಿ ಜಿಸಿ ಇರುವುದೇ ಶೇ. 31ರ ಆಸುಪಾಸು. ಪ್ರೋಟೀನನ್ನು ಅರ್ಧಕ್ಕೇ ನಿಲ್ಲಿಸಿ ಜೀನ್ ಕೆಡಿಸುವ ಸ್ಟಾಪ್ ಕೋಡಾನ್ ಹುಟ್ಟುವುದು ಗ್ಲುಟಮೀನ್, ಟ್ರಿಪ್ಟೊಫಾನ್ ಕೋಡಾನ್‌ಗಳಿಂದ ಮತ್ತು ಅರ್ಜಿನೀನ್‌ನ ಸಿಜಿಎ ಒಂದರಿಂದ. ನಿಮಗೆ ಬೇಕಾದ ಜೀನ್‌ನಲ್ಲಿ ಅಂಥ ಕೋಡಾನ್ ಎಷ್ಟಿವೆ ಎಂದು ಮೊದಲೇ ಎಣಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಇನ್ನು ನಿಮ್ಮ 0.1 ಶೇಕಡಾ. ಅದರಲ್ಲಿ ಯುವಿ ಕೊಂದದ್ದೆಷ್ಟು, ಆಮ್ಲಜನಕ ಕೊಂದದ್ದೆಷ್ಟು? ದೀಪ ಹಚ್ಚದೆ, ಅಷ್ಟೇ ಹೊತ್ತು ಅದೇ ತಟ್ಟೆಯಲ್ಲಿ, ಅದೇ ಬಫರ್‌ನಲ್ಲಿ ಇಟ್ಟ ಕಂಟ್ರೋಲ್ ಎಷ್ಟು ಉಳಿಯಿತು? ಆ ಅಂಕಿ ಇಲ್ಲದ ಸಾವಿನ ಲೆಕ್ಕವನ್ನು ನಂಬಲಾಗದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಆಮ್ಲಜನಕದ ಸಾವನ್ನು ಮ್ಯುಟಜನ್ ಲೆಕ್ಕಕ್ಕೆ ಬರೆದುಕೊಂಡು ಡೋಸ್ ಇಳಿಸುತ್ತಾ ಹೋದರೆ ಕೊನೆಗೆ ಮ್ಯುಟಜನ್ನೇ ಇಲ್ಲದ ಪ್ರಯೋಗ ಉಳಿಯುತ್ತದೆ.

ಹುದುಗುಬಾನಿ

ಎರಡನೇ ಪ್ರಶ್ನೆಗೆ: ಇಎಂಎಸ್ ಬಾಟಲಿಯನ್ನು ಚೇಂಬರ್ ಒಳಗೆ ತೆರೆಯಲೇಬೇಡಿ.

ಚೇಂಬರ್ ಗಾಳಿ ಹೊರಗೆ ಹೋಗಲ್ಲ, ಒಳಗೇ ಸುತ್ತತ್ತೆ. ಇಎಂಎಸ್ ಕುದಿಯೋದು 213 ಡಿಗ್ರಿಯಲ್ಲಿ, ಹಾಗಂತ ಆವಿ ಇಲ್ಲ ಅಂತಲ್ಲ. ಕ್ಯಾನ್ಸರ್ ತರೋ ಆವಿ ಅದೇ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಓಡಾಡತ್ತೆ, ಕೈಗವಸಿಗೆ, ವಿನೈಲ್‌ಗೆ, ಮುಂದೆ ಕೆಲಸ ಮಾಡೋರ ಕಲ್ಚರ್‌ಗೆ ಅಂಟತ್ತೆ. ಆಮ್ಲಜನಕ ಇಲ್ಲದ ವಾತಾವರಣವನ್ನ ಟ್ಯೂಬ್ ಒಳಗೇ ಇಟ್ಟು, ಟ್ಯೂಬನ್ನ ಫ್ಯೂಮ್ ಹುಡ್‌ಗೆ ತನ್ನಿ. ಗಾಳಿ ನುಗ್ಗದ ಹಾಗೆ ರಬ್ಬರ್ ಬಿರಡೆ ಹಾಕೋ ಹಂಗೇಟ್ ಟ್ಯೂಬ್ ಇರೋದೇ ಇದಕ್ಕೆ.

ಕ್ರಮ ಹೀಗೆ:

ರಾತ್ರಿ ಬೆಳೆದ ಕಲ್ಚರನ್ನ ಹೊಸ ಮೀಡಿಯಂಗೆ 1:20 ಹಾಕಿ, 37 ಡಿಗ್ರಿಯಲ್ಲಿ 600 ನ್ಯಾನೋಮೀಟರ್‌ನಲ್ಲಿ ಅಳೆದ ಓ.ಡಿ. (ಕಲ್ಚರ್ ಎಷ್ಟು ಮಬ್ಬಾಗಿದೆ ಅನ್ನೋ ಅಳತೆ) 0.4ರಿಂದ 0.6ರವರೆಗೆ ಬೆಳೆಸಿ. ಅದಕ್ಕಿಂತ ಮೇಲೆ ಹೋಗಬೇಡಿ, ಆಮ್ಲ ಕೂಡಿಕೊಂಡು ಕೋಶದ ಮೂಡೇ ಬದಲಾಗತ್ತೆ. ಚೇಂಬರ್ ಒಳಗೇ, ಮುಚ್ಚಳ ಬಿಗಿಯಾಗಿರೋ ಬಾಟಲಿಯಲ್ಲಿ ಸೆಂಟ್ರಿಫ್ಯೂಜ್‌ಗೆ ತುಂಬಿ, ಇಳಿದ ಕೋಶವನ್ನ 100 ಮಿಲಿಮೋಲಾರ್ ಫಾಸ್ಫೇಟ್ ಬಫರ್‌ನಲ್ಲಿ, ಪಿಎಚ್ 7.0, ಅಷ್ಟೇ ಗಾತ್ರಕ್ಕೆ ಕದಡಿ. ಬಫರ್ ಕುದಿಸಿ, ನೈಟ್ರೋಜನ್ ಹಾಯಿಸಿ ತಣಿಸಿ, ಕನಿಷ್ಠ ಒಂದು ದಿನ ಚೇಂಬರ್‌ನಲ್ಲಿ ಇಟ್ಟದ್ದಾಗಿರಬೇಕು. 10 ಮಿ.ಲೀ. ಹಂಗೇಟ್ ಟ್ಯೂಬ್‌ಗೆ ಹಾಕಿ, ಬ್ಯುಟೈಲ್ ರಬ್ಬರ್ ಬಿರಡೆ ಹಾಕಿ ಹೊರಗೆ ತನ್ನಿ.

ಫ್ಯೂಮ್ ಹುಡ್‌ನಲ್ಲಿ, ಆಮ್ಲಜನಕ ತೆಗೆದ ನೈಟ್ರೋಜನ್‌ನಿಂದ ಸಿರಿಂಜನ್ನ ಮೂರು ಸಲ ತೊಳೆದು, 100 ಮೈಕ್ರೋಲೀಟರ್ ಇಎಂಎಸ್ ಚುಚ್ಚಿ. ಅದು ಶೇ. 1, ಸುಮಾರು 95 ಮಿಲಿಮೋಲಾರ್. ಇಎಂಎಸ್ ನೀರಿಗಿಂತ ಭಾರ. ಹಾಕಿದ ಕ್ಷಣ ತಳದಲ್ಲಿ ಎಣ್ಣೆ ಹನಿ ಥರ ಕೂರತ್ತೆ. ಆ ಹನಿ ಕಣ್ಣಿಗೆ ಕಾಣದ ಹಾಗಾಗೋವರೆಗೆ ಟ್ಯೂಬನ್ನ ಮೇಲೆ ಕೆಳಗೆ ಮಾಡಿ, ಗಡಿಯಾರ ಶುರು ಮಾಡೋದು ಆಮೇಲೆ. ಇದನ್ನ ಬಿಟ್ಟರೆ ತಳದ ಕೋಶಕ್ಕೆ ಶೇ. 10, ಮೇಲಿನ ಕೋಶಕ್ಕೆ ಸೊನ್ನೆ. ಒಂದೇ ಟ್ಯೂಬ್‌ನಲ್ಲಿ ಎರಡು ಪ್ರಯೋಗ ಆದ ಹಾಗೆ.

37 ಡಿಗ್ರಿಯಲ್ಲಿ ಇಟ್ಟು 0, 15, 30, 45, 60, 90 ನಿಮಿಷಕ್ಕೆ ತಲಾ 1 ಮಿ.ಲೀ. ತೆಗೆದು, ಅಷ್ಟೇ ಗಾತ್ರದ, ಆಮ್ಲಜನಕ ತೆಗೆದ ಶೇ. 10 ಸೋಡಿಯಂ ಥಯೋಸಲ್ಫೇಟ್ (ಇಎಂಎಸ್ ಒಡೆಯೋ ದ್ರಾವಣ) ಇರೋ ಮುಚ್ಚಿದ ಟ್ಯೂಬ್‌ಗೆ ಚುಚ್ಚಿ. ಪಕ್ಕದಲ್ಲೇ ಇಎಂಎಸ್ ಬದಲು 100 ಮೈಕ್ರೋಲೀಟರ್ ಬಫರ್ ಹಾಕಿದ ಟ್ಯೂಬ್ ಇರಲಿ, ಅದಕ್ಕೂ ಅಷ್ಟೇ ಸಲ ಸೂಜಿ ಚುಚ್ಚಿ. ಸಾರಜನಕ ಅವರು ಕೇಳಿದ ಕಂಟ್ರೋಲ್ ಅದೇ. ಸೂಜಿ ಲೆಕ್ಕವೂ ಸಮ ಇರಬೇಕು, ಯಾಕಂದ್ರೆ ಪ್ರತಿ ಚುಚ್ಚಿಗೂ ಸ್ವಲ್ಪ ಗಾಳಿ ಹೋಗೇ ಹೋಗತ್ತೆ.

ಇನ್ನೊಂದು ಎಚ್ಚರಿಕೆ. ಈ ಜೀವಿ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಜೋರಾಗಿ ಬಿಡತ್ತೆ. ಬೆಳೆಯುತ್ತಿರೋ ಕಲ್ಚರ್‌ಗೇ ನೇರವಾಗಿ ಇಎಂಎಸ್ ಹಾಕಿದರೆ ಟ್ಯೂಬ್ ಒಳಗೆ ಒತ್ತಡ ಏರತ್ತೆ, ಸೂಜಿ ಚುಚ್ಚಿದಾಗ ಪಿಸ್ಟನ್ ಹಿಂದಕ್ಕೆ ತಳ್ಳತ್ತೆ, ಸೂಜಿ ಎಳೆದಾಗ ಇಎಂಎಸ್ ಬೆರೆತ ದ್ರವ ಚಿಮ್ಮತ್ತೆ. ಅದಕ್ಕೇ ಸಕ್ಕರೆ ಇಲ್ಲದ ಬಫರ್. ಆದರೂ ಇಎಂಎಸ್ ಹಾಕೋ ಮುಂಚೆ ಒಮ್ಮೆ ಒತ್ತಡ ಬಿಡಿ.

ಮೊಳಕೆ37

ತುಂಬಾ ಧನ್ಯವಾದ ಸರ್. ಬಫರ್‌ನಲ್ಲಿ ಆಮ್ಲಜನಕ ಹೀರುವ ಸಿಸ್ಟೀನ್ ಬೇಡವೇ? ಸಿಸ್ಟೀನ್ ಇಲ್ಲದಿದ್ದರೆ, ಆಮ್ಲಜನಕ ಇದೆಯೇ ಎಂದು ತೋರಿಸುವ ರೆಸಜ್ಯೂರಿನ್ ಬಣ್ಣ ಪೂರ್ತಿ ಹೋಗುವುದಿಲ್ಲ, ತಿಳಿ ಗುಲಾಬಿ ಉಳಿಯುತ್ತದೆ. ಮತ್ತೆ, ಇಎಂಎಸ್ ಬದಲು ನೈಟ್ರೋಸೊಗ್ವಾನಿಡೀನ್ ಹೆಚ್ಚು ಶಕ್ತಿಶಾಲಿ ಎನ್ನುತ್ತಾರಲ್ಲ?

ಸಾರಜನಕ

ಲೆಕ್ಕ ಹಾಕಿ ನೋಡೋಣ, ಉತ್ತರ ಅಲ್ಲೇ ಇದೆ.

ಲೀಟರಿಗೆ 0.5 ಗ್ರಾಂ ಸಿಸ್ಟೀನ್ ಹೈಡ್ರೋಕ್ಲೋರೈಡ್ ಮಾನೋಹೈಡ್ರೇಟ್ ಅಂದರೆ ಸುಮಾರು 2.85 ಮಿಲಿಮೋಲಾರ್. ಶೇ. 1 ಇಎಂಎಸ್ ಸುಮಾರು 95 ಮಿಲಿಮೋಲಾರ್. ಸಿಸ್ಟೀನ್ ಪೂರ್ತಿ ಇಎಂಎಸ್ ಜೊತೆ ಸೇರಿ ಹೋದರೂ ಡೋಸ್ ಕಡಿಮೆಯಾಗುವುದು ಶೇ. 3. ಗಮನಿಸಬೇಕಿಲ್ಲ.

ನೈಟ್ರೋಸೊಗ್ವಾನಿಡೀನ್ ಮಿ.ಲೀ.ಗೆ 100 ಮೈಕ್ರೋಗ್ರಾಂ ಅಂದರೆ 0.68 ಮಿಲಿಮೋಲಾರ್. ಇಲ್ಲಿ ಸಿಸ್ಟೀನ್ ನಾಲ್ಕು ಪಟ್ಟು ಹೆಚ್ಚು. ಸಿಸ್ಟೀನ್‌ನಂಥ ಥಯಾಲ್ ಸಿಕ್ಕರೆ ನೈಟ್ರೋಸೊಗ್ವಾನಿಡೀನ್ ಬಹಳ ಬೇಗ ಒಡೆಯುತ್ತದೆ. ಕೋಶಕ್ಕೆ ಸಿಕ್ಕ ಡೋಸ್ ಎಷ್ಟು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಕ್ಕೆ ಬರೆದ ಪ್ರೊಟೊಕಾಲ್ ಇಲ್ಲಿ ಕೈಕೊಡಲು ದೊಡ್ಡ ಕಾರಣ ಇದೇ. ಆ ಪ್ರೊಟೊಕಾಲ್‌ಗಳಲ್ಲಿ ಸಿಸ್ಟೀನ್ ಇರುವುದಿಲ್ಲ, ನಮ್ಮ ಮೀಡಿಯಂನಲ್ಲಿ ಇದ್ದೇ ಇರುತ್ತದೆ.

ಅದಲ್ಲದೆ ನೈಟ್ರೋಸೊಗ್ವಾನಿಡೀನ್ ಕ್ಷಾರದಲ್ಲಿ ಡಯಾಜೋಮೀಥೇನ್ ಬಿಡುತ್ತದೆ. ಅದು ವಿಷ, ಸ್ಫೋಟಕ ಕೂಡ. ತೂಗುವಾಗಿನ ಪುಡಿ ಇನ್ನೊಂದು ಅಪಾಯ. ಮೇಲಾಗಿ, ಪ್ರತಿ ತೆಗೆಯುತ್ತಿರುವ ಕವಲಿನ ಸುತ್ತ ಒತ್ತೊತ್ತಾಗಿ ಮ್ಯುಟೇಶನ್ ಮಾಡುತ್ತದೆ. ಒಂದು ಜೀನ್ ಕೆಟ್ಟರೆ ಪಕ್ಕದ ಮೂರೂ ಕೆಟ್ಟಿರಬಹುದು. ಇದರ ಸೋದರ ಜೀವಿ ಸಿ. ಬೈಜೆರಿಂಕಿಯ ಪ್ರಸಿದ್ಧ ಬಿಎ101 ತಳಿ ನೈಟ್ರೋಸೊಗ್ವಾನಿಡೀನ್‌ನಿಂದಲೇ ಬಂದದ್ದು, ಅದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಗುರಿ ಒಂದು ಜೀನ್. ಇಎಂಎಸ್ ಸಾಕು.

ರೆಸಜ್ಯೂರಿನ್ ಬಗ್ಗೆ: ನೀಲಿ ಗುಲಾಬಿಯಾಗುವ ಮೊದಲ ಹಂತ ಹಿಂದಿರುಗುವಂಥದ್ದಲ್ಲ. ಗುಲಾಬಿ ಹೋಗಿ ಬಣ್ಣವೇ ಇಲ್ಲದಾಗುವುದು ಮಾತ್ರ ರೆಡಾಕ್ಸ್ ಸೂಚಕ, ಸುಮಾರು ಮೈನಸ್ 110 ಮಿಲಿವೋಲ್ಟ್ ಕೆಳಗೆ ಹೋದಾಗ. ಸಿಸ್ಟೀನ್ ಇಲ್ಲದ ಬಫರ್ ತಿಳಿ ಗುಲಾಬಿಯಾಗಿ ಉಳಿದರೆ ಗಾಬರಿ ಬೇಡ, ಆದರೆ ಕೋಶವನ್ನು ಅದರಲ್ಲಿ ಸುಮ್ಮನೆ ಇಡಲೂ ಬೇಡಿ. ಥಯಾಲ್ ಅಲ್ಲದ ರಿಡ್ಯೂಸರ್ ಬೇಕಿದ್ದರೆ ಟೈಟಾನಿಯಂ(3) ಸಿಟ್ರೇಟ್ ಇದೆ, 0.5 ಮಿಲಿಮೋಲಾರ್ ಒಳಗೆ. ಇಎಂಎಸ್‌ಗೆ ಮಾತ್ರವಾದರೆ ಸಿಸ್ಟೀನ್ ಇರಲಿ ಎಂದೇ ನನ್ನ ಸಲಹೆ.

ಯಾಕೆ ಇರಲಿ ಅಂದರೆ, ಸೂಜಿಯ ಗಾಳಿಯ ಲೆಕ್ಕ ನೋಡಿ. 1 ಮಿ.ಲೀ. ಗಾಳಿಯಲ್ಲಿ ಆಮ್ಲಜನಕ ಸುಮಾರು 8.6 ಮೈಕ್ರೋಮೋಲ್. 10 ಮಿ.ಲೀ. ಟ್ಯೂಬ್‌ನಲ್ಲಿ ಸಿಸ್ಟೀನ್ 28.5 ಮೈಕ್ರೋಮೋಲ್. ಆಮ್ಲಜನಕದ ಒಂದು ಅಣು ಪೂರ್ತಿ ನೀರಾಗಲು ನಾಲ್ಕು ಸಿಸ್ಟೀನ್ ಬೇಕು. ಅಂದರೆ ಟ್ಯೂಬ್‌ನ ಅಷ್ಟೂ ಸಿಸ್ಟೀನ್ ತಡೆಯಬಲ್ಲದ್ದು 7 ಮೈಕ್ರೋಮೋಲ್. ತೊಳೆಯದ ಸಿರಿಂಜಿನ ಒಂದೇ ಒಂದು ಮಿ.ಲೀ. ಗಾಳಿ ಇಡೀ ಟ್ಯೂಬ್‌ನ ರಕ್ಷಣೆಯನ್ನು ತಿಂದುಹಾಕುತ್ತದೆ. ಸಿಸ್ಟೀನ್ ಆಮ್ಲಜನಕದೊಡನೆ ಸೇರುವಾಗ ನಡುವೆ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟುತ್ತದೆ. ಅದರಿಂದ ಸಾಯುವ ಕೋಶಗಳನ್ನು ಇಎಂಎಸ್ ಕೊಂದದ್ದೆಂದು ಎಣಿಸಿಬಿಡುತ್ತೇವೆ.

ಕಣಜ

ಹುದುಗುಬಾನಿಯವರ ಕ್ರಮಕ್ಕೆ ಸೇರಿಸಬೇಕಾದದ್ದು: ಶುರುವಿನ ಕಲ್ಚರ್‌ನಲ್ಲಿ ಬೀಜಕ, ಅಂದರೆ ಸ್ಪೋರ್, ಇರಬಾರದು.

ಸ್ಪೋರ್ ಸ್ಟಾಕ್‌ನಿಂದ ಶುರು ಮಾಡುವವರು 80 ಡಿಗ್ರಿಯಲ್ಲಿ 10 ನಿಮಿಷ ಬಿಸಿ ಮಾಡಿ ಬೆಳೆಸುತ್ತಾರೆ. ಮೊಳೆಯದ ಸ್ಪೋರ್‌ಗಳು ಆ ಕಲ್ಚರ್‌ನಲ್ಲಿ ಉಳಿದಿರುತ್ತವೆ. ಅವಕ್ಕೆ ಇಎಂಎಸ್ ಸರಿಯಾಗಿ ತಾಗುವುದಿಲ್ಲ, ಆಮ್ಲಜನಕವೂ ತಾಗುವುದಿಲ್ಲ. 60 ನಿಮಿಷದ ಹೊತ್ತಿಗೆ ಬದುಕಿರುವ ಕೋಶಗಳ ಗೆರೆ ಇಳಿಯುವುದು ನಿಂತು ಅಡ್ಡವಾಗಿ ಮಲಗಿದರೆ, ಅಲ್ಲಿ ಉಳಿದಿರುವುದು ಸ್ಪೋರ್‌ಗಳು. ಆ ಪ್ಲೇಟಿನಿಂದ ಆರಿಸಿದ ಕಾಲೊನಿ ಎಲ್ಲವೂ ಮ್ಯುಟಜನ್ ಕಾಣದವು. ಬೆಳೆದ ಕಲ್ಚರನ್ನು ಒಮ್ಮೆ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿ. ಸ್ಪೋರ್ ಹೊಳೆಯುವ ಬಿಳಿ ಕಾಳಿನಂತೆ ಕಾಣುತ್ತದೆ, ಬೆಳೆಯುವ ಕೋಶ ಕಪ್ಪು ಕಡ್ಡಿ. ಕಾಳು ಕಂಡರೆ ಇನ್ನೆರಡು ಸಲ ಹೊಸ ಮೀಡಿಯಂಗೆ ದಾಟಿಸಿ, ಆಮೇಲೆ ಪ್ರಯೋಗ. ಎರಡಕ್ಕಿಂತ ಹೆಚ್ಚು ಸಲ ಬೇಡ, ಅದರ ಕಾರಣ ಮುಂದೆ ಬರುತ್ತದೆ.

ಎರಡನೆಯದು, ಬಿಡುವು. ಇಎಂಎಸ್ ತಾಗಿದ ಕೂಡಲೇ ಸೆಲೆಕ್ಷನ್ ಪ್ಲೇಟಿಗೆ (ಮ್ಯುಟೆಂಟ್ ಮಾತ್ರ ಬೆಳೆಯುವ ಪ್ಲೇಟಿಗೆ) ಹಾಕಬೇಡಿ. ಡಿಎನ್‌ಎಯಲ್ಲಿ ಬದಲಾವಣೆ ಗಟ್ಟಿಯಾಗಲು ಎರಡು ಸಲ ಪ್ರತಿ ಆಗಬೇಕು. ಬೆಳೆಯುವ ಕೋಶದಲ್ಲಿ ಕ್ರೋಮೋಸೋಮ್ ಒಂದಕ್ಕಿಂತ ಹೆಚ್ಚಿರುತ್ತದೆ. ಹಳೆಯ ಎನ್‌ಜೈಮ್ ಕೋಶದಲ್ಲಿ ತುಂಬಿಯೇ ಇರುತ್ತದೆ. 5-ಫ್ಲೋರೋಯುರಾಸಿಲನ್ನು ವಿಷವಾಗಿಸುವ ಎನ್‌ಜೈಮ್ ಅರ್ಧ ಉಳಿದರೂ ಮ್ಯುಟೆಂಟ್ ಸಾಯುತ್ತದೆ. ಮೂರು ನಾಲ್ಕು ತಲೆಮಾರು ಸಾಮಾನ್ಯ ಮೀಡಿಯಂನಲ್ಲಿ ಬೆಳೆಯಲು ಬಿಡಿ.

ಮೂರನೆಯದು, ಆ ಬಿಡುವನ್ನು ಒಂದೇ ಬಾಟಲಿಯಲ್ಲಿ ಕೊಡಬೇಡಿ. ತೊಳೆದ ಕೋಶವನ್ನು ಮೊದಲೇ ಹತ್ತು ಟ್ಯೂಬ್‌ಗೆ ಹಂಚಿ, ಪ್ರತಿ ಟ್ಯೂಬ್‌ನಿಂದ ಒಂದೇ ಮ್ಯುಟೆಂಟ್ ಇಟ್ಟುಕೊಳ್ಳಿ. ಒಂದೇ ಬಾಟಲಿಯಿಂದ ತೆಗೆದ ಇಪ್ಪತ್ತು ಮ್ಯುಟೆಂಟ್ ಒಂದೇ ಅಜ್ಜಿಯ ಮೊಮ್ಮಕ್ಕಳಾಗಿರಬಹುದು. ಸೀಕ್ವೆನ್ಸ್ ಮಾಡಿಸಿದ ಮೇಲೆ ಗೊತ್ತಾದರೆ ದುಡ್ಡೂ ಹೋಯಿತು, ತಿಂಗಳೂ ಹೋಯಿತು.

ಹುದುಗುಬಾನಿ

ಕಣಜ ಅವರು ಹೇಳಿದ ತೊಳೆಯೋದರ ಬಗ್ಗೆ ಒಂದು ಮಾತು. ಥಯೋಸಲ್ಫೇಟ್ ಹಾಕಿದ ಕೂಡಲೇ ಇಎಂಎಸ್ ಇಲ್ಲವಾಗಲ್ಲ. ಶೇ. 10 ದ್ರಾವಣದಲ್ಲಿ, ಕೋಣೆ ತಾಪದಲ್ಲಿ, ಅದರ ಅರ್ಧಾಯುಷ್ಯ ಒಂದರಿಂದ ಒಂದೂವರೆ ಗಂಟೆ. ಇಲ್ಲಿ ಅರ್ಧಕ್ಕೆ ತೆಳುವಾಗಿದೆ, ಇನ್ನೂ ನಿಧಾನ. ಕೋಶವನ್ನ ಇಎಂಎಸ್‌ನಿಂದ ಬಿಡಿಸೋದು ತೊಳೆಯೋದೇ, ಇಲ್ಲವೇ ನೂರು ಪಟ್ಟು ತೆಳು ಮಾಡೋದು. ಗಾಜಿನ ಟ್ಯೂಬನ್ನ ಸರಿಯಾದ ಅಡಾಪ್ಟರ್ ಇಲ್ಲದೆ ರೋಟರ್‌ಗೆ ಹಾಕಿ ಅದು ಒಡೆದರೆ ಇಎಂಎಸ್ ಇಡೀ ಸೆಂಟ್ರಿಫ್ಯೂಜ್ ತುಂಬ. ನನ್ನ ಆಯ್ಕೆ ತೆಳು ಮಾಡೋದು: 1 ಮಿ.ಲೀ. ತೆಗೆದು 100 ಮಿ.ಲೀ. ಮೀಡಿಯಂ ಇರೋ ಸೀರಂ ಬಾಟಲಿಗೆ. 95 ಮಿಲಿಮೋಲಾರ್ ಇದ್ದದ್ದು 1ಕ್ಕೆ ಇಳಿಯತ್ತೆ, ತೊಳೆಯೋ ಹೊತ್ತಲ್ಲಿ ಆಮ್ಲಜನಕ ತಾಗೋ ಭಯವೂ ಇಲ್ಲ.

ಮೂರನೇ ಪ್ರಶ್ನೆಗೆ ಬರ್ತೀನಿ. ಶೇ. 99 ಸಾವು. ಕಡಿಮೆ ಆದರೆ ಹುಡುಕೋದು ಕಷ್ಟ.

ಸಾರಜನಕ

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಶೇ. 99 ಹಳೆಯ ಕಾಲದ ಗುರಿ. ಆಗ ಸೀಕ್ವೆನ್ಸಿಂಗ್ ಇರಲಿಲ್ಲ, ಒಂದು ಕೋಶದಲ್ಲಿ ಎಷ್ಟು ಮ್ಯುಟೇಶನ್ ಕೂತಿವೆ ಎಂದು ನೋಡುವ ದಾರಿಯೂ ಇರಲಿಲ್ಲ. ಕ್ಲಾಸ್ಟ್ರಿಡಿಯಂನಲ್ಲಿ ಬ್ಯಾಕ್‌ಕ್ರಾಸ್ (ಮೂಲ ತಳಿಯೊಡನೆ ಮತ್ತೆ ಕೂಡಿಸಿ ಬೇಡದ ಮ್ಯುಟೇಶನ್ ಕಳೆಯುವುದು) ಮಾಡಲಾಗದು. ಜೊತೆಗೆ ಬಂದ ಬೇಡದ ಮ್ಯುಟೇಶನ್‌ಗಳು ಆ ತಳಿಯಲ್ಲಿ ಶಾಶ್ವತ. ಶೇ. 50ರಿಂದ 90 ಸಾವು, ಅಂದರೆ ಶೇ. 10ರಿಂದ 50 ಉಳಿವು, ಅಷ್ಟಕ್ಕೆ ನಿಲ್ಲಿಸಿ.

ಹುಡುಕುವ ಕಷ್ಟಕ್ಕೂ ಲೆಕ್ಕ ಇದೆ. ಕ್ರೋಮೋಸೋಮ್ 39.4 ಲಕ್ಷ ಬೇಸ್, ಪಿಸೋಲ್1 ಎಂಬ ಪ್ಲಾಸ್ಮಿಡ್ (ಕ್ರೋಮೋಸೋಮ್‌ನಿಂದ ಪ್ರತ್ಯೇಕವಾದ ಸಣ್ಣ ಡಿಎನ್‌ಎ) 1.92 ಲಕ್ಷ, ಒಟ್ಟು 41 ಲಕ್ಷ ಎನ್ನಿ. ಒಂದು ಕೋಶಕ್ಕೆ 20 ಬದಲಾವಣೆ ಬಿದ್ದಿದೆ ಎಂದುಕೊಳ್ಳಿ. 1000 ಬೇಸ್ ಉದ್ದದ ಜೀನ್‌ನಲ್ಲಿ ಒಂದು ಬೀಳುವ ಸಾಧ್ಯತೆ ಸುಮಾರು 200ಕ್ಕೆ 1. ಬಿದ್ದದ್ದರಲ್ಲಿ ಹತ್ತಕ್ಕೊಂದು ಜೀನನ್ನು ನಿಜಕ್ಕೂ ಕೆಡಿಸಿದರೆ 2000ಕ್ಕೆ 1. ಶೇ. 95 ನಂಬಿಕೆಯಿಂದ ಒಂದಾದರೂ ಸಿಗಬೇಕೆಂದರೆ ಅದರ ಮೂರು ಪಟ್ಟು, 6000 ಕಾಲೊನಿ. ಒಂದೊಂದನ್ನೇ ಪರೀಕ್ಷಿಸುವವರಿಗೆ ಇದು ಭಾರ, ಹುದುಗುಬಾನಿಯವರ ಮಾತು ಅಲ್ಲಿ ಸರಿ. ಆದರೆ ಮೊಳಕೆಯವರಿಗೆ ಬೇಕಿರುವುದು ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಮ್ಯುಟೆಂಟ್. ಅದಕ್ಕೆ ಅಲೈಲ್ ಆಲ್ಕೋಹಾಲ್ ಇದೆ. ಎನ್‌ಜೈಮ್ ಇರುವ ಕೋಶ ಅದನ್ನು ಅಕ್ರೋಲೀನ್ ಮಾಡಿಕೊಂಡು ತಾನೇ ಸಾಯುತ್ತದೆ, ಇಲ್ಲದ್ದು ಬೆಳೆಯುತ್ತದೆ. ಸೆಲೆಕ್ಷನ್ ಇದ್ದಾಗ ಒಂದು ಕೋಟಿ ಕೋಶದಲ್ಲಿ ಒಂದನ್ನೂ ಹಿಡಿಯಬಹುದು. ಹಾಗಿರುವಾಗ ಜೀನೋಮನ್ನು ಜಾಲರಿ ಮಾಡುವ ಅಗತ್ಯ ಏನಿದೆ?

ಹುದುಗುಬಾನಿ

ಸೆಲೆಕ್ಷನ್ ಇದ್ದರೆ ಒಪ್ಪಿದೆ. ಇಲ್ಲದಿದ್ದರೆ ನನ್ನ ಮಾತಿಗೇ ನಿಲ್ಲುತ್ತೀನಿ.

ಅಲೈಲ್ ಆಲ್ಕೋಹಾಲ್ ಕಣ್ಣು ಮೂಗಿಗೆ ಉರಿ, ಮೈಗೆ ವಿಷ, ಆವಿಯಾಗೋದೂ ಬೇಗ. ಆ ಪ್ಲೇಟ್‌ಗಳನ್ನ ಬಿಗಿ ಮುಚ್ಚಳದ ಆಮ್ಲಜನಕರಹಿತ ಜಾರ್‌ನಲ್ಲಿ ಇಡಿ, ಚೇಂಬರ್‌ನಲ್ಲಿ ತೆರೆದಿಡಬೇಡಿ. ಪ್ರಮಾಣ ನಿಮ್ಮ ಮೀಡಿಯಂಗೆ ತಕ್ಕ ಹಾಗೆ ನೀವೇ ಹಿಡೀಬೇಕು: ಮ್ಯುಟಜನ್ ಕಾಣದ ಕೋಶವನ್ನ ಏರುತ್ತಾ ಹೋಗೋ ಆರು ಪ್ರಮಾಣದ ಪ್ಲೇಟಿಗೆ ಹಾಕಿ, ಕಾಲೊನಿ ಪೂರ್ತಿ ನಿಂತ ಮೊದಲ ಪ್ರಮಾಣ ತೊಗೊಳ್ಳಿ. ಅದಕ್ಕಿಂತ ತುಂಬಾ ಮೇಲೆ ಹೋದರೆ ಮ್ಯುಟೆಂಟೂ ಸಾಯತ್ತೆ.

ನೀಲಿಪಟ್ಟಿ

ಪ್ಲೇಟಿನ ಬಗ್ಗೆ ಯಾರೂ ಹೇಳಲಿಲ್ಲ. ಅರ್ಧ ತೊಂದರೆ ಅಲ್ಲೇ ಇರುತ್ತದೆ.

ಫಾಸ್ಫೇಟ್ ಮತ್ತು ಅಗರ್ ಒಟ್ಟಿಗೆ ಆಟೋಕ್ಲೇವ್ ಮಾಡಿದರೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಬೇರೆ ಬೇರೆ ಮಾಡಿ, 55 ಡಿಗ್ರಿಗೆ ತಣಿಸಿ ಬೆರೆಸಿ. ಗ್ಲುಕೋಸ್ ಕೂಡ ಪ್ರತ್ಯೇಕ. ಪ್ಲೇಟ್ ಹೊಯ್ದ ಮೇಲೆ 24ರಿಂದ 48 ಗಂಟೆ ಚೇಂಬರ್‌ನಲ್ಲಿ ಇಟ್ಟು ಬಳಸಿ. ಇಎಂಎಸ್‌ನಿಂದ ನೊಂದ ಕೋಶ ಪೆರಾಕ್ಸೈಡ್ ತಡೆಯುವುದಿಲ್ಲ, ನೋಯದ ಕೋಶ ಹೇಗೋ ತಡೆದುಕೊಳ್ಳುತ್ತದೆ. ಹೀಗೆ ಕೆಟ್ಟ ಪ್ಲೇಟಿನ ಮೇಲೆ ಇಎಂಎಸ್ ಹೆಚ್ಚು ಕೊಲ್ಲುವಂತೆ ಕಾಣುತ್ತದೆ, ಕಂಟ್ರೋಲ್ ಸರಿಯಾಗಿಯೇ ಇರುತ್ತದೆ. ಈ ತಪ್ಪನ್ನು ಕಂಟ್ರೋಲ್ ಟ್ಯೂಬ್ ಹಿಡಿಯುವುದಿಲ್ಲ. ಒಂದೇ ದಿನ ಎರಡು ಬಗೆಯಲ್ಲಿ ಹೊಯ್ದ ಪ್ಲೇಟ್ ಮೇಲೆ ಅದೇ ಟ್ಯೂಬ್ ಎಣಿಸಿದರೆ ಹಿಡಿಯುತ್ತದೆ.

5-ಫ್ಲೋರೋಯುರಾಸಿಲ್ ವಿಚಾರ. ಯೀಸ್ಟ್ ಎಕ್ಸ್‌ಟ್ರಾಕ್ಟ್ ಇರುವ ಮೀಡಿಯಂನಲ್ಲಿ ಯುರಾಸಿಲ್ ಇದ್ದೇ ಇರುತ್ತದೆ, ಅದು ಔಷಧಿಯೊಡನೆ ಪೈಪೋಟಿ ಮಾಡುತ್ತದೆ. ಹಿನ್ನೆಲೆಯಲ್ಲಿ ಮಂಜಿನಂಥ ಬೆಳವಣಿಗೆ ಕಂಡರೆ ಕಾರಣ ಅದು. ಘಟಕಗಳು ಪೂರ್ತಿ ಗೊತ್ತಿರುವ ಮೀಡಿಯಂ ಬಳಸಿ. ಅದರ ಬದಲು 5-ಫ್ಲೋರೋಒರೋಟಿಕ್ ಆಮ್ಲಕ್ಕೆ ಹೋಗುವವರು ಯುರಾಸಿಲ್ ಸೇರಿಸಬೇಕು, ಯಾಕೆಂದರೆ ಆ ಮ್ಯುಟೆಂಟ್ ತನ್ನ ಯುರಾಸಿಲ್ ತಾನು ಮಾಡಿಕೊಳ್ಳಲಾರದು. ಪಿಎಚ್ ಕೂಡ ಮತ್ತೆ ಸರಿಮಾಡಿ, ಆ ಆಮ್ಲ ಅದನ್ನು ಕೆಳಗೆ ಎಳೆಯುತ್ತದೆ.

ಎಣಿಕೆಯಲ್ಲೂ ಒಂದು ಮೋಸ ಇದೆ. ಇಎಂಎಸ್ ಕೊಡದ ಪ್ಲೇಟಿಗೆ ಹತ್ತು ಕೋಟಿ ಕೋಶ ಹಾಕುತ್ತೀರಿ, ಕೊಟ್ಟ ಪ್ಲೇಟಿಗೆ ಬದುಕಿದವು ಒಂದು ಕೋಟಿ. ಒತ್ತಾದ ಪ್ಲೇಟಿನಲ್ಲಿ ಸಾಯುವ ಕೋಶಗಳು ಒಡೆದು ಚೆಲ್ಲಿದ್ದು, ಬಿಟ್ಟ ಆಮ್ಲ, ಎಲ್ಲ ಸೇರಿ ಮ್ಯುಟೆಂಟ್ ಕಾಲೊನಿಯನ್ನು ಮರೆಮಾಡುತ್ತವೆ. ಆಗ ಇಎಂಎಸ್ ಮ್ಯುಟೇಶನ್ ಹೆಚ್ಚಿಸಿದಂತೆ ಸುಳ್ಳು ಚಿತ್ರ ಬರುತ್ತದೆ. ಗೊತ್ತಿರುವ ಒಂದು ಮ್ಯುಟೆಂಟನ್ನು 100 ಕೋಶದಷ್ಟು ಎರಡೂ ಸಾಂದ್ರತೆಯ ಸಾಮಾನ್ಯ ಕೋಶಗಳಿಗೆ ಬೆರೆಸಿ ಹಾಕಿ ನೋಡಿ. ಎರಡೂ ಕಡೆ 100 ಬಂದರೆ ನಿಮ್ಮ ಎಣಿಕೆ ನಂಬಬಹುದು. ಒಂದು ಕಡೆ 30 ಬಂದರೆ ಸಾಂದ್ರತೆ ಇಳಿಸಿ.

ಮೊಳಕೆ37

ಇದೆಲ್ಲ ಬರೆದುಕೊಂಡೆ. ಒಂದು ಸಂದೇಹ: ಅಲೈಲ್ ಆಲ್ಕೋಹಾಲ್ ತಡೆದ ಕಾಲೊನಿ ಬ್ಯುಟನಾಲ್ ಜೊತೆ ಅಸಿಟೋನನ್ನೂ ಮಾಡದೆ, ಬರೀ ಆಮ್ಲ ಮಾಡಿದರೆ? ಅದೂ ಒಂದೇ ಮ್ಯುಟೇಶನ್ ಇರಬಹುದೇ?

ಕಣಜ

ಅದು ಬಹುತೇಕ ಮ್ಯುಟೇಶನ್ ಅಲ್ಲ, ಪಿಸೋಲ್1 ಪ್ಲಾಸ್ಮಿಡ್ ಉದುರಿಹೋಗಿರುವುದು. ಹೆಚ್ಚು ಸಲ ದಾಟಿಸಬೇಡಿ ಅಂದದ್ದು ಇದಕ್ಕೇ.

824 ತಳಿಯಲ್ಲಿ ಆಲ್ಡಿಹೈಡ್-ಆಲ್ಕೋಹಾಲ್ ಡಿಹೈಡ್ರೋಜಿನೇಸ್, ಕೋಎ ಟ್ರಾನ್ಸ್‌ಫರೇಸ್‌ನ ಎರಡು ತುಂಡು, ಅಸಿಟೋಅಸಿಟೇಟ್ ಡಿಕಾರ್ಬಾಕ್ಸಿಲೇಸ್, ಈ ನಾಲ್ಕು ಜೀನ್ ಆ ಪ್ಲಾಸ್ಮಿಡ್ ಮೇಲೇ ಇವೆ. ಪ್ಲಾಸ್ಮಿಡ್ ಹೋದರೆ ಬ್ಯುಟನಾಲ್, ಅಸಿಟೋನ್ ಎರಡೂ ಹೋಗುತ್ತವೆ, ಸ್ಪೋರ್ ಕೂಡ ಆಗುವುದಿಲ್ಲ. ಅಂಥ ಕೋಶ ಅಲೈಲ್ ಆಲ್ಕೋಹಾಲನ್ನೂ ಚೆನ್ನಾಗಿ ತಡೆಯುತ್ತದೆ. ಅಂದರೆ ನಿಮ್ಮ ಸೆಲೆಕ್ಷನ್ ನಿಮಗೆ ಬೇಡದ್ದನ್ನೇ ಮೊದಲು ಎತ್ತಿಕೊಡುತ್ತದೆ.

ಜರಡಿ ಹಿಡಿಯುವುದು ಸುಲಭ. ಒಂದು ಅಮೈಲೇಸ್ ಜೀನ್ ಕೂಡ ಪಿಸೋಲ್1 ಮೇಲಿದೆ. ಲೀಟರಿಗೆ 2 ಗ್ರಾಂ ಗ್ಲುಕೋಸ್ ಜೊತೆ ಪಿಷ್ಟ ಇರುವ ಪ್ಲೇಟ್ ಮೇಲೆ ಕಾಲೊನಿಗಳ ನಕಲು ಬೆಳೆಸಿ, ಅಯೋಡಿನ್ ಹೊಯ್ಯಿರಿ. ಪ್ಲಾಸ್ಮಿಡ್ ಇರುವ ಕಾಲೊನಿ ಸುತ್ತ ಕಡುನೀಲಿಯ ನಡುವೆ ಬಿಳಿ ಬಳೆ ಕಾಣುತ್ತದೆ, ಕಳೆದುಕೊಂಡದ್ದರ ಸುತ್ತ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದು. ಅಯೋಡಿನ್ ಕೋಶ ಕೊಲ್ಲುತ್ತದೆ, ಮೂಲ ಪ್ಲೇಟ್ ಪ್ರತ್ಯೇಕ ಇರಲಿ. ಬಳೆ ಇದ್ದವುಗಳ ಮೇಲೆ ಮಾತ್ರ ಪಿಸಿಆರ್, ಪ್ಲಾಸ್ಮಿಡ್‌ನ ಎರಡು ದೂರದ ಜೀನ್‌ಗೆ.

ಸಿ. ಬೈಜೆರಿಂಕಿ ಬಳಸುವವರಿಗೆ ಈ ಪರೀಕ್ಷೆ ಅನ್ವಯಿಸದು. ಅದರ ದ್ರಾವಕ ಜೀನ್‌ಗಳು ಕ್ರೋಮೋಸೋಮ್ ಮೇಲಿವೆ, ಅದು ಸೊರಗುವುದು ಬೇರೆ ಕಾರಣಕ್ಕೆ.

ಸಾರಜನಕ

ಉಳಿದ ಮ್ಯುಟೆಂಟ್‌ಗಳನ್ನು ಎರಡು ಸಲ ಒಂಟಿ ಕಾಲೊನಿಗೆ ಗೀರಿ, ಸೆಲೆಕ್ಷನ್ ಇಲ್ಲದ ಪ್ಲೇಟಿನಲ್ಲಿ ಒಮ್ಮೆ ದಾಟಿಸಿ ಮತ್ತೆ ಪರೀಕ್ಷಿಸಿ. ಈ ಕೋಶಗಳು ಸರಪಳಿಯಾಗಿ ಇರುವುದರಿಂದ ಒಂದು ಕಾಲೊನಿ ಎರಡು ಬಗೆಯ ಕೋಶದಿಂದ ಆಗಿರಬಹುದು.

ಜೀನೋಮ್ ಸೀಕ್ವೆನ್ಸ್‌ಗೆ ಕಳಿಸುವಾಗ ನಿಮ್ಮ ಫ್ರೀಜರ್‌ನ ಮೂಲ ತಳಿಯನ್ನೂ ಕಳಿಸಿ. 2001ರಲ್ಲಿ ಪ್ರಕಟವಾದ ಜೀನೋಮ್ ಜೊತೆ ಮಾತ್ರ ಹೋಲಿಸಿದರೆ, ವರ್ಷಗಳಿಂದ ನಿಮ್ಮ ಸ್ಟಾಕ್‌ನಲ್ಲಿ ಕೂಡಿಕೊಂಡ ವ್ಯತ್ಯಾಸವೆಲ್ಲ ಇಎಂಎಸ್ ತಲೆಗೆ ಬರುತ್ತದೆ. 50ರಿಂದ 100 ಪಟ್ಟು ಕವರೇಜ್ (ಒಂದೊಂದು ಅಕ್ಷರವನ್ನು ಅಷ್ಟು ಸಲ ಓದುವುದು) ಸಾಕು. ಸಿಕ್ಕ ಬದಲಾವಣೆಗಳಲ್ಲಿ ಹೆಚ್ಚಿನವು ಜಿಸಿಯಿಂದ ಎಟಿ ಆಗಿರಬೇಕು. ಹಾಗಿಲ್ಲದಿದ್ದರೆ ಆ ಮ್ಯುಟೆಂಟ್ ತಾನಾಗಿ ಹುಟ್ಟಿದ್ದು, ಇಎಂಎಸ್‌ನದ್ದಲ್ಲ.

ಬ್ಯಾಕ್‌ಕ್ರಾಸ್ ಇಲ್ಲದ ಕಾರಣ ಸಾಬೀತು ಮಾಡಲು ಎರಡು ದಾರಿ. ಒಂದು, ಬೇರೆ ಬೇರೆ ಟ್ಯೂಬ್‌ನ ಮೂರು ನಾಲ್ಕು ಮ್ಯುಟೆಂಟ್‌ಗಳಲ್ಲಿ ಅದೇ ಜೀನ್ ಬೇರೆ ಬೇರೆ ಜಾಗದಲ್ಲಿ ಕೆಟ್ಟಿರಬೇಕು. ಕಣಜ ಅವರ ಹತ್ತು ಟ್ಯೂಬ್‌ನ ಬೆಲೆ ಇಲ್ಲಿ ತಿಳಿಯುತ್ತದೆ. ಎರಡು, ಮೂಲ ತಳಿಯಲ್ಲಿ ಆ ಒಂದೇ ಜೀನನ್ನು ಕೆಡಿಸಿ ನೋಡುವುದು. ಅದಕ್ಕೆ 2007ರಲ್ಲಿ ಬಂದ ಕ್ಲಾಸ್ಟ್ರಾನ್ ಎಂಬ ಸಾಧನ ಇದೆ, ಲ್ಯಾಕ್ಟೋಕಾಕಸ್‌ನ ಗುಂಪು 2 ಇಂಟ್ರಾನ್ (ಜೀನ್ ಒಳಗೆ ತೂರಿಕೊಳ್ಳುವ ತುಂಡು) ಆಧರಿಸಿದ್ದು. ಡಿಎನ್‌ಎ ಕತ್ತರಿಸುವ ಕ್ಯಾಸ್9 ಬಳಸುವವರು ಒಂದೇ ಎಳೆ ಕತ್ತರಿಸುವ ರೂಪವನ್ನೂ ಯೋಚಿಸಿ, ಎರಡೂ ಎಳೆ ತುಂಡಾದರೆ ಬಹಳಷ್ಟು ಕ್ಲಾಸ್ಟ್ರಿಡಿಯಂಗಳು ಸಾಯುತ್ತವೆ. ಯಾವ ಪ್ಲಾಸ್ಮಿಡ್ ಆದರೂ 824 ಒಳಗೆ ಹೋಗುವ ಮೊದಲು ಮೀಥೈಲ್ ಆಗಿರಬೇಕು. ಈ ತಳಿಯ ಕತ್ತರಿ ಎನ್‌ಜೈಮ್ ಜಿಸಿಎನ್‌ಜಿಸಿ ಕಂಡಲ್ಲೆಲ್ಲ ಕತ್ತರಿಸುತ್ತದೆ. ಬ್ಯಾಸಿಲಸ್‌ನ ಫೇಜ್ (ಬ್ಯಾಕ್ಟೀರಿಯಾದ ವೈರಸ್) ಫೈ3ಟಿಯ ಮೀಥೈಲ್‌ಟ್ರಾನ್ಸ್‌ಫರೇಸ್ ಇರುವ ಇ. ಕೋಲೈನಲ್ಲಿ ಒಮ್ಮೆ ಬೆಳೆಸಿ ತೆಗೆದರೆ ಆ ಅಡ್ಡಿ ಇಲ್ಲ. ಪ್ಲಾಸ್ಮಿಡ್ ಹೊಕ್ಕ ಕೋಶ ಆರಿಸುವ ಆಂಟಿಬಯಾಟಿಕ್ ಆಗಿ ಎರಿತ್ರೋಮೈಸಿನ್ ಬದಲು ಕ್ಲಾರಿತ್ರೋಮೈಸಿನ್ ಹಾಕಿ, ಈ ಜೀವಿ ಮಾಡುವ ಆಮ್ಲದಲ್ಲಿ ಮೊದಲನೆಯದು ನಿಲ್ಲುವುದಿಲ್ಲ.

ಮೊಳಕೆ37

ಕೊನೆಯದಾಗಿ ಇಎಂಎಸ್ ತ್ಯಾಜ್ಯ? ಟ್ಯೂಬ್‌ಗಳನ್ನು ನೇರ ಆಟೋಕ್ಲೇವ್‌ಗೆ ಹಾಕಬಹುದೇ?

ಹುದುಗುಬಾನಿ

ಹಾಕಲೇಬೇಡಿ, ಆವಿ ಕೋಣೆ ತುಂಬತ್ತೆ. ಫ್ಯೂಮ್ ಹುಡ್ ಒಳಗೇ ಟ್ಯೂಬ್, ಸಿರಿಂಜ್, ಟಿಪ್, ಮೇಲಿನ ಕೈಗವಸು, ಎಲ್ಲವನ್ನೂ ಶೇ. 10 ಥಯೋಸಲ್ಫೇಟ್‌ನಲ್ಲಿ 24 ಗಂಟೆ ಮುಳುಗಿಸಿ ಇಡಿ. ಬ್ಯುಟೈಲ್ ಬಿರಡೆ ಇಎಂಎಸ್ ಹೀರಿಕೊಂಡಿರತ್ತೆ, ಅದನ್ನ ತೊಳೆದು ಮತ್ತೆ ಬಳಸಬೇಡಿ. ಇಎಂಎಸ್ ಬಿರಡೆಗಳು ಬೇರೆ ಡಬ್ಬಿಗೆ, ಅಪಾಯಕಾರಿ ರಾಸಾಯನಿಕ ತ್ಯಾಜ್ಯದ ಲೆಕ್ಕಕ್ಕೆ. ಸೂಜಿಗೆ ಮುಚ್ಚಳ ಮತ್ತೆ ಹಾಕೋ ಅಭ್ಯಾಸ ಇದ್ದವರು ಅವತ್ತೊಂದಿನ ಬಿಡಿ, ಸೂಜಿ ಸಮೇತ ಸಿರಿಂಜನ್ನ ದ್ರಾವಣಕ್ಕೆ ಇಳಿಸಿ, ಪಿಸ್ಟನ್ ಎಳೆದು ಥಯೋಸಲ್ಫೇಟ್ ಒಳಗೆ ತುಂಬಿಸಿ ಬಿಡಿ.